ಹದಿನೆಂಟು ರನ್ನಿನ ಲೆಕ್ಕ

ಆಟಪಾಟಗಳಲ್ಲಿ ಮನಸ್ಸಿಟ್ಟವರನ್ನು ವಿದ್ಯಾವಂತರು ಕೊಂಚ ಅನುಕಂಪದಿಂದ ನೋಡುವುದು ವಾಡಿಕೆಯಷ್ಟೆ. ಅದರಲ್ಲಿಯೂ, ಗೆಲ್ಲುವ ತಂಡಗಳನ್ನು ಬಿಟ್ಟು ಸೋಲುವ ತಂಡವೊಂದರ ಬೆನ್ನುಹತ್ತಿದವರನ್ನು ಕಂಡರೆ ಆ ಅನುಕಂಪವು ನಗೆಯಾಗಿ ಪರಿಣಮಿಸುತ್ತದೆ. ಅಂಥ ನಗೆಗೆ ಬಹುವರ್ಷ ಪಾತ್ರರಾದವರಲ್ಲಿ ನಾವೂ ಸೇರಿದ್ದೇವೆ. ಬೆಂಗಳೂರಿನ ಕ್ರಿಕೆಟ್ ತಂಡವೊಂದು 2024ನೆಯ ಇಸವಿಯ ಬೇಸಗೆಯಲ್ಲಿ ಕಡೆಯ ಸ್ಥಾನದಿಂದ ಮೇಲೆದ್ದ ವೃತ್ತಾಂತವನ್ನೂ, ಅದನ್ನು ನಾವು ತೂಬಗೆರೆಯ ಜಗಲಿಯೊಂದರ ಮೇಲೆ ಕುಳಿತು ಅನುಸರಿಸಿದ ಬಗೆಯನ್ನೂ ಈ ದಿನ ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ. ಕಥೆಯು ಆಟದ್ದೇ, ಆದರೆ ಅದು ಮುಗಿಯುವುದು ಆಟದಲ್ಲಲ್ಲ.

ತೂಬಗೆರೆಯು ದೊಡ್ಡಬಳ್ಳಾಪುರದ ತಾಲ್ಲೂಕಿಗೆ ಸೇರಿದ ಹೋಬಳಿಯ ಊರು. ಹೆಸರಿನಲ್ಲಿಯೇ ತೂಬೂ ಕೆರೆಯೂ ಕಿವಿಗೆ ಬೀಳುತ್ತವೆ. ಘಾಟಿ ಸುಬ್ರಹ್ಮಣ್ಯವು ಅದಕ್ಕೆ ಸಮೀಪದಲ್ಲಿಯೇ ಇದೆ. ಅಲ್ಲಿ ನಮ್ಮ ಸೋದರಮಾವನವರ ಮನೆ. ಬೇಸಗೆಯ ರಜೆಯಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಚೀಲಕ್ಕೆ ತುಂಬಿಕೊಂಡು ಅಲ್ಲಿಗೆ ಹೋಗಿ ಕೆಲವು ದಿನ ಇದ್ದು ಬರುವುದು ನಮ್ಮ ಪದ್ಧತಿ. ಆ ವರ್ಷ ಮಳೆ ಹಿಂದೆಗೆದಿತ್ತು. ಬೆಂಗಳೂರಿನಲ್ಲಿ ಕುಡಿಯುವ ನೀರಿಗೇ ತತ್ವಾರವಾಗಿದ್ದ ಬೇಸಗೆ ಅದು. ಆದುದರಿಂದ ಜಗಲಿಯ ಮೇಲಿನ ಮಾತೆಲ್ಲ ಎರಡೇ ವಿಷಯಗಳನ್ನು ಸುತ್ತುತ್ತಿತ್ತು: ಹಿರಿಯರಿಗೆ ಮಳೆ, ಕಿರಿಯರಿಗೆ ಕ್ರಿಕೆಟ್.

ಇಂಡಿಯನ್ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿಯ ನಿಯಮವನ್ನು ಅರಿಯದವರಿಗಾಗಿ ಎರಡು ಮಾತು. ಆ ವರ್ಷ ಹತ್ತು ತಂಡಗಳಿದ್ದುವು. ಪ್ರತಿಯೊಂದಕ್ಕೂ ಹದಿನಾಲ್ಕು ಪಂದ್ಯ. ಗೆದ್ದರೆ ಎರಡು ಅಂಕ. ಮಳೆಯಿಂದ ಪಂದ್ಯ ನಿಂತುಹೋದರೆ ಇಬ್ಬರಿಗೂ ಒಂದೊಂದು. ಕಡೆಯಲ್ಲಿ ಮೊದಲ ನಾಲ್ಕು ತಂಡಗಳಿಗೆ ಮಾತ್ರ ಮುಂದಿನ ಸುತ್ತಿನ ಬಾಗಿಲು ತೆರೆಯುತ್ತದೆ. ಅಂಕಗಳೂ ಗೆಲುವುಗಳೂ ಸಮವಾದರೆ ಓವರೊಂದಕ್ಕೆ ತಾನು ಗಳಿಸಿದ ರನ್ನೆಷ್ಟು, ಎದುರಾಳಿಗೆ ಕೊಟ್ಟುದೆಷ್ಟು ಎಂದು ಇಡೀ ಪಂದ್ಯಾವಳಿಗೆ ಅನ್ವಯಿಸಿ ಕಳೆದು ನೋಡುತ್ತಾರೆ. ಮನೆಯೊಡತಿಯು ತಿಂಗಳ ಕೊನೆಯಲ್ಲಿ ಜಮಾಖರ್ಚು ನೋಡಿದಂತೆ ಇದು. ಮೊದಲ ವಾರದಲ್ಲಿ ಕೈಬಿಚ್ಚಿ ಕಳೆದ ಕಾಸು ಕೊನೆಯ ವಾರದಲ್ಲಿ ಬಂದು ಕಾಡುತ್ತದೆ.

ನಮ್ಮ ತಂಡ, ಎಂದರೆ ರಾಯಲ್ ಚಾಲೆಂಜರ್ಸ್, ಆ ವರ್ಷವೇ ತನ್ನ ಹೆಸರಿನ ಬ್ಯಾಂಗಲೋರನ್ನು ಬೆಂಗಳೂರೆಂದು ತಿದ್ದಿಕೊಂಡಿತ್ತು. ಹೆಸರು ತಿದ್ದಿದರೂ ಹಣೆಬರಹ ತಿದ್ದಿದಂತೆ ಕಾಣಲಿಲ್ಲ. ಮಾರ್ಚಿ 22ರಂದು ಚೆನ್ನೈಯಲ್ಲಿ ಸೋಲು. 25ರಂದು ಪಂಜಾಬಿನ ಮೇಲೆ ಒಂದು ಗೆಲುವು. ಆಮೇಲೆ ಸಾಲಾಗಿ ಆರು ಸೋಲು. ಏಪ್ರಿಲ್ 15ರಂದು ಹೈದರಾಬಾದಿನವರು ಬೆಂಗಳೂರಿಗೇ ಬಂದು 287 ರನ್ನು ಹೊಡೆದರು. ಆ ಪಂದ್ಯಾವಳಿಯಲ್ಲಿ ಅದುವರೆಗೆ ಯಾವ ತಂಡವೂ ಮುಟ್ಟದ ಮೊತ್ತ ಅದು. ನಮ್ಮವರು 262ನ್ನು ಗಳಿಸಿಯೂ ಸೋತರು. 21ರಂದು ಕಲ್ಕತ್ತೆಯಲ್ಲಿ 222ಕ್ಕೆ ಉತ್ತರವಾಗಿ 221; ಒಂದೇ ರನ್ನಿನ ಸೋಲು. ಎಂಟು ಪಂದ್ಯಗಳಲ್ಲಿ ಎರಡೇ ಅಂಕ, ಪಟ್ಟಿಯಲ್ಲಿ ಹತ್ತನೆಯ ಸ್ಥಾನ. “ಈ ಸಲ ಕಪ್ ನಮ್ದೇ” ಎಂದು ವರ್ಷವರ್ಷವೂ ಕೂಗಿ ಹಾಸ್ಯಕ್ಕೆ ಗುರಿಯಾಗಿದ್ದ ಬೀದಿಯ ಹುಡುಗರು ಆ ರಾತ್ರಿ ಏನನ್ನೂ ಕೂಗದೆ ಮಲಗಲು ಹೋದರು.

ಇಂಥ ಕಾಲದಲ್ಲಿ ಬುದ್ಧಿವಂತನಾದವನು ಬೇರೆ ಕೆಲಸ ನೋಡಿಕೊಳ್ಳಬೇಕು. ಆದರೆ ಋತುವಿನ ಕೊನೆಯಲ್ಲಿ ಹಿಂದುಳಿದವರು ಮುಂದಿನವರನ್ನು ಹಿಡಿಯಹೋಗುವ ಓಟಕ್ಕೆ ವಿಚಿತ್ರವಾದ ಆಕರ್ಷಣೆಯಿದೆ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇದಕ್ಕೆ ಪತಾಕೆಯ ಓಟವೆಂದೇ ಹೆಸರು. 1951ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಜೈಂಟ್ಸ್ ತಂಡವು ಬ್ರೂಕ್ಲಿನ್ನಿನ ಡಾಡ್ಜರ್ಸ್ ತಂಡಕ್ಕಿಂತ ಹದಿಮೂರೂವರೆ ಪಂದ್ಯಗಳಷ್ಟು ಹಿಂದಿತ್ತು. ಋತು ಮುಗಿಯುವಾಗ ಸಮಕ್ಕೆ ಬಂದಿತು. ಅಕ್ಟೋಬರ್ 3ರಂದು ನಿರ್ಣಾಯಕ ಪಂದ್ಯದ ಕಡೆಯ ಸರದಿಯಲ್ಲಿ ಬಾಬಿ ಥಾಮ್ಸನ್ ಎಂಬಾತನ ಒಂದು ಹೊಡೆತದಿಂದ ಪತಾಕೆ ಅವರದಾಯಿತು. ಲಕ್ಷಾಂತರ ಮಂದಿ ಅದನ್ನು ರೇಡಿಯೋವಿನಲ್ಲಿ ಕೇಳಿದರು. ಇಂಥ ಒಂದು ಕಥೆ ಲೋಕದಲ್ಲಿ ನಡೆದಿದೆಯೆಂದರೆ ಸಾಕು, ಸೋತವನು ಮತ್ತೆ ಲೆಕ್ಕದ ಪುಸ್ತಕವನ್ನು ತೆರೆಯುತ್ತಾನೆ.

ನಾವೂ ತೆರೆದೆವು. ಉಳಿದುದು ಆರು ಪಂದ್ಯ. ಆರನ್ನೂ ಗೆದ್ದರೆ ಹದಿನಾಲ್ಕು ಅಂಕ. ಏಪ್ರಿಲ್ 25ರಂದು ಹೈದರಾಬಾದಿನಲ್ಲಿ 35 ರನ್ನಿನ ಗೆಲುವು ಬಂದಿತು. 28ರಂದು ಅಹಮದಾಬಾದಿನಲ್ಲಿ 201ರ ಗುರಿಯನ್ನು ಹದಿನಾರೇ ಓವರುಗಳಲ್ಲಿ ಮುಟ್ಟಿದರು. ಇಂಗ್ಲೆಂಡಿನ ವಿಲ್ ಜ್ಯಾಕ್ಸನು 41 ಚೆಂಡುಗಳಲ್ಲಿ ನೂರು ಹೊಡೆದನು. ಮೇ 4ರಂದು ಗುಜರಾತಿನ ತಂಡವು ಬೆಂಗಳೂರಿಗೆ ಬಂದು 147ಕ್ಕೆ ಮುಗಿಯಿತು. ಅದನ್ನು ನಿಧಾನವಾಗಿ ಹೊಡೆದು ಗೆಲ್ಲಬಹುದಾಗಿತ್ತು. ಆದರೆ ನಮ್ಮವರು ಮೊದಲ ಆರು ಓವರುಗಳಲ್ಲಿಯೇ 92ನ್ನು ಬಾಚಿದರು. ಆ ಆತುರದಲ್ಲಿ 117ಕ್ಕೆ ಆರು ವಿಕೆಟ್ಟು ಹೋಗಿ ನಮ್ಮೆಲ್ಲರ ಎದೆ ನಡುಗಿತು. ಹೇಗೋ ಹದಿನಾಲ್ಕನೆಯ ಓವರಿನಲ್ಲಿ ದಡ ಸೇರಿದರು. “ಇಷ್ಟು ಅವಸರ ಯಾತಕ್ಕೆ?” ಎಂದು ಸೋದರಮಾವನವರು ಕೇಳಿದರು. ಬರಿಯ ಗೆಲುವು ಸಾಲದು, ಹಿಂದಿನ ಸಾಲವನ್ನೂ ತೀರಿಸಬೇಕು ಎಂದು ನಾವು ವಿವರಿಸಿದೆವು. ಸಾಲದ ಮಾತು ರೈತರಿಗೆ ಬೇಗ ಅರ್ಥವಾಗುತ್ತದೆ.

ಮೇ 9ರಂದು ಧರ್ಮಶಾಲೆಯಲ್ಲಿ 60 ರನ್ನು, 12ರಂದು ಬೆಂಗಳೂರಿನಲ್ಲಿ ಡೆಲ್ಲಿಯ ಮೇಲೆ 47 ರನ್ನು: ಹೀಗೆ ಗೆಲುವು ಐದಾಯಿತು. ಉಳಿದುದು ಒಂದೇ ಪಂದ್ಯ, ಮೇ 18ರ ಶನಿವಾರ, ಚೆನ್ನೈ ತಂಡದೊಡನೆ. ಅವರಿಗೆ 14 ಅಂಕ, ನಮಗೆ 12. ಗೆದ್ದರೆ ಸಮ, ಆದರೆ ನಾವು ಮೊದಲು ಆಡಿ ಸುಮಾರು ಇನ್ನೂರು ಗಳಿಸಿದರೆ, ಗೆಲುವಿನ ಅಂತರವು ಹದಿನೆಂಟು ರನ್ನಿಗೆ ಕಡಮೆಯಾಗಕೂಡದು. ಮಳೆ ಬಂದು ಪಂದ್ಯ ನಿಂತರೆ ಚೆನ್ನೈ ಮುಂದಕ್ಕೆ, ನಾವು ಮನೆಗೆ.

ಇಲ್ಲಿ ನಮಗೊಂದು ಧರ್ಮಸಂಕಟ ಬಂದಿತು. ಅದು ಕೃತ್ತಿಕೆಯ ಮಳೆಯ ಕಾಲ. ಹೊಲವನ್ನು ಹದ ಮಾಡಿಕೊಳ್ಳುವುದಕ್ಕೆ ಊರಿಗೆ ಊರೇ ಆಕಾಶವನ್ನು ನೋಡುತ್ತಿತ್ತು. ಬೀದಿಯ ಹುಡುಗರಾದರೋ ಮಳೆ ಬಾರದಿರಲೆಂದು ದೇವರಿಗೆ ಕೈಮುಗಿಯುತ್ತಿದ್ದರು. ಇದನ್ನು ಕೇಳಿದ ಸೋದರಮಾವನವರು, “ಇಲ್ಲಿ ಸುರೀಲಿ, ಅಲ್ಲಿ ನಿಲ್ಲಲಿ, ಅಷ್ಟು ಮಾಡಾಕಾಗಲ್ವಾ ಘಾಟಿ ಸುಬ್ಬಪ್ಪಂಗೆ?” ಎಂದು ತೀರ್ಪುಕೊಟ್ಟರು.

ಆ ಮಧ್ಯಾಹ್ನ ಅವರೊಡನೆ ನಮಗೊಂದು ಚರ್ಚೆಯೂ ನಡೆಯಿತು. ಮನಸ್ಸಿನೊಳಗೆ ಬಹುಕಾಲದಿಂದ ಇದ್ದ ಸಂಶಯವನ್ನು ನಾವೇ ಎತ್ತಿದೆವು. “ಮಾವ, 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗ ನೀವು ರೇಡಿಯೋವಿನಲ್ಲಿ ಕೇಳಿದವರು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಇವರೆಲ್ಲ ನಮ್ಮ ನೆಲದಲ್ಲಿ ಆಡಿ ಬೆಳೆದವರು. ಬೊಂಬಾಯಿಯ ಹದಿನೈದು ವರ್ಷದ ಏಕಾಧಿಪತ್ಯವನ್ನು ಮುರಿದವರು. ಈ ತಂಡದವರನ್ನು ಹರಾಜಿನಲ್ಲಿ ಕೊಂಡು ತಂದಿದ್ದಾರೆ. ನಾಯಕ ಡುಪ್ಲೆಸಿ ದಕ್ಷಿಣ ಆಫ್ರಿಕದವನು, ಕೊಹ್ಲಿ ದೆಹಲಿಯವನು, ಸಿರಾಜ್ ಹೈದರಾಬಾದಿನವನು. ಇದನ್ನು ನಮ್ಮದೆನ್ನುವುದು ಸರಿಯೆ?”

ಅವರು ಎಲೆಯಡಿಕೆಯನ್ನು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಅಳಿಯಂದ್ರೆ, ಘಾಟಿ ಜಾತ್ರೇಲಿ ಎತ್ತು ತರ್ತೀವಿ. ಟವಲ್ ಕೆಳಗೆ ಬೆರಳು ಹಿಡಿದು ಬೆಲೆ ಕಟ್ತೀವಿ. ಅದು ಯಾವ ಸೀಮೇದೋ, ಯಾರ ಕೊಟ್ಟಿಗೇದೋ. ನಮ್ಮ ನೊಗಕ್ಕೆ ಹೆಗಲು ಕೊಟ್ಟ ಮೇಲೆ ಅದು ಯಾರ ಮನೆ ಎತ್ತು?” ಎಂದರು.

ಇಂಗ್ಲಿಷ್ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಇಷ್ಟು ಚಿಕ್ಕದಾದ ಉತ್ತರವನ್ನು ನಾವು ಕಂಡಿರಲಿಲ್ಲ. ಕೊಂಡ ಮಾತ್ರಕ್ಕೆ ಎತ್ತು ನಮ್ಮದಾಗುವುದಿಲ್ಲ. ಕೂಡಿ ದುಡಿದುದರಿಂದ ಆಗುತ್ತದೆ. ಕೊಹ್ಲಿಯು 2008ರಿಂದ ಅದೇ ನೊಗದಲ್ಲಿದ್ದನು. ತಂಡವು ಮೂರು ಸಲ ಅಂತಿಮ ಪಂದ್ಯದವರೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದಾಗಲೂ ಬಿಟ್ಟುಹೋಗಿರಲಿಲ್ಲ. ನಾವೂ ಬಿಟ್ಟಿರಲಿಲ್ಲ.

ಸಂಜೆಯಾಯಿತು. ಬೆಂಗಳೂರಿನಲ್ಲಿ ಮೂರು ಓವರು ಮುಗಿಯುವಷ್ಟರಲ್ಲಿ ಮಳೆ ಬಂದಿತು. ಚಿನ್ನಸ್ವಾಮಿ ಮೈದಾನದ ಹುಲ್ಲಿನಡಿಯಲ್ಲಿ ನೀರನ್ನು ಬೇಗ ಹೀರಿಕೊಳ್ಳುವ ಯಂತ್ರವ್ಯವಸ್ಥೆಯನ್ನು 2017ರಲ್ಲಿಯೇ ಅಳವಡಿಸಿದ್ದರು. ಆಟವು ಒಂದು ಓವರನ್ನೂ ಕಳೆದುಕೊಳ್ಳದೆ ಮತ್ತೆ ಮೊದಲಾಯಿತು. ನಮ್ಮವರು 218. ಚೆನ್ನೈ ಗೆಲ್ಲುವುದಕ್ಕೆ 219 ಬೇಕು. ಆದರೆ 201 ಮುಟ್ಟಿದರೆ ಸೋತೂ ಮುಂದಕ್ಕೆ ಹೋಗುತ್ತದೆ. ಸೋಲಿನಲ್ಲಿ ಗೆಲ್ಲುವುದು, ಗೆಲುವಿನಲ್ಲಿ ಸೋಲುವುದು ಎಂಬ ವೇದಾಂತವು ಅಂಕಗಣಿತವಾಗಿ ನಮ್ಮೆದುರು ನಿಂತಿತ್ತು.

ರಾತ್ರಿ ತೂಬಗೆರೆಯಲ್ಲಿಯೂ ಗಾಳಿಯೆದ್ದು ವಿದ್ಯುತ್ತು ಹೋಯಿತು. ಟೆಲಿವಿಷನ್ ಆರಿತು. ಹುಡುಗನೊಬ್ಬನ ಕೈಯ ದೂರವಾಣಿಯಲ್ಲಿ ಚಿತ್ರವು ನಿಂತುನಿಂತು ಬರುತ್ತಿತ್ತು; ಧ್ವನಿ ಮಾತ್ರ ಸರಿಯಾಗಿ ಕೇಳುತ್ತಿತ್ತು. ಬೀದಿಯವರೆಲ್ಲ ಕತ್ತಲೆಯಲ್ಲಿ ಆ ಧ್ವನಿಯ ಸುತ್ತ ಕುಳಿತರು. ಕಡೆಯ ಓವರು; ಚೆನ್ನೈಗೆ ಮುಂದಕ್ಕೆ ಹೋಗಲು 17 ರನ್ನು; ದಾಂಡು ಹಿಡಿದವನು ಧೋನಿ; ಚೆಂಡು ಹಿಡಿದವನು ಯಶ್ ದಯಾಳ್. ಹಿಂದಿನ ವರ್ಷ ಏಪ್ರಿಲ್ 9ರಂದು, ಬೇರೆ ತಂಡದಲ್ಲಿದ್ದಾಗ, ಇದೇ ಬೌಲರನ ಕಡೆಯ ಓವರಿನಲ್ಲಿ ರಿಂಕು ಸಿಂಗನು ಸಾಲಾಗಿ ಐದು ಸಿಕ್ಸರು ಹೊಡೆದು ಪಂದ್ಯವನ್ನು ಕಸಿದಿದ್ದನು. ಮೊದಲ ಚೆಂಡನ್ನು ಧೋನಿಯು 110 ಮೀಟರು ದೂರಕ್ಕೆ ಬಾರಿಸಿದನು. ಕತ್ತಲೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಐದು ಚೆಂಡಿಗೆ ಹನ್ನೊಂದು. ಎರಡನೆಯದು ನಿಧಾನವಾಗಿ ಬಂದಿತು. ಧೋನಿಯು ಎತ್ತಿ ಹೊಡೆದನು. ಸೀಮೆಯ ಬಳಿ ಸ್ವಪ್ನಿಲ್ ಸಿಂಗನು ಹಿಡಿದನು. ಉಳಿದ ನಾಲ್ಕು ಚೆಂಡಿಗೆ ಒಂದೇ ರನ್ನು. ಚೆನ್ನೈ 191, ಗೆಲುವಿನ ಅಂತರ 27. ನಾವು ಒಳಕ್ಕೆ, ಅವರು ಹೊರಕ್ಕೆ. ಅಷ್ಟರಲ್ಲಿ ಹೊರಗೆ ಹನಿ ಬೀಳತೊಡಗಿತು. ಸುಬ್ಬಪ್ಪನು ಇಬ್ಬರ ಮಾತನ್ನೂ ನಡೆಸಿಕೊಟ್ಟನೆಂದು ಸೋದರಮಾವನವರು ಇಂದಿಗೂ ಹೇಳುತ್ತಾರೆ.

ನಾಲ್ಕೇ ದಿನದ ಮೇಲೆ, ಮೇ 22ರಂದು, ರಾಜಸ್ಥಾನದ ಕೈಯಲ್ಲಿ ನಾಲ್ಕು ವಿಕೆಟ್ಟುಗಳಿಂದ ಸೋತು ಆ ವರ್ಷದ ಓಟ ನಿಂತಿತು. ನಮಗೆ ಹೆಚ್ಚಿನ ದುಃಖವಾಗಲಿಲ್ಲ. ಸಾಲ ತೀರಿಸಿದವನ ನೆಮ್ಮದಿಯು ಸಂಪತ್ತು ಗಳಿಸಿದವನದಕ್ಕಿಂತ ಕಡಮೆಯದಲ್ಲ.

ಸಂಪತ್ತು ಬಂದುದು ಮರುವರ್ಷ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ತಂಡವು ಹದಿನೆಂಟನೆಯ ವರ್ಷದಲ್ಲಿ ಮೊದಲ ಸಲ ಕಪ್ಪನ್ನು ಗೆದ್ದಿತು. ಮಾರನೆಯ ದಿನ ಬೆಂಗಳೂರಿನಲ್ಲಿ ವಿಜಯೋತ್ಸವ. ತೂಬಗೆರೆಯ ನಮ್ಮ ಬೀದಿಯಿಂದ ಇಬ್ಬರು ಹುಡುಗರು ಬೆಳಗ್ಗೆಯೇ ಬಸ್ಸು ಹತ್ತಿದರು. ಸಂಜೆ ಸುದ್ದಿ ಬಂದಿತು. ಚಿನ್ನಸ್ವಾಮಿ ಮೈದಾನದ ಹೊರಗೆ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತಿದ್ದರು. ಆ ಹುಡುಗರ ದೂರವಾಣಿ ಉತ್ತರ ಕೊಡುತ್ತಿರಲಿಲ್ಲ. ಹಿಂದಿನ ವರ್ಷ ನಾವು ಕತ್ತಲೆಯಲ್ಲಿ ಕುಳಿತಿದ್ದ ಅದೇ ಜಗಲಿಯ ಮೇಲೆ ಅವರ ತಾಯಂದಿರು ಬಂದು ಕುಳಿತರು. ಯಾರೂ ಮಾತಾಡಲಿಲ್ಲ. ರಾತ್ರಿ ಕಡೆಯ ಬಸ್ಸಿನಿಂದ ಹುಡುಗರಿಬ್ಬರೂ ಇಳಿದರು; ಒಬ್ಬನ ಕಾಲಿನಲ್ಲಿ ಚಪ್ಪಲಿಯಿರಲಿಲ್ಲ. ಅವನ ತಾಯಿ ಬಯ್ಯಲೂ ಇಲ್ಲ, ಅಳಲೂ ಇಲ್ಲ. ಬಿಸಿನೀರು ತಂದು ಕಾಲಿಗೆ ಹುಯ್ದಳು. ಹನ್ನೊಂದು ಮನೆಗಳಲ್ಲಿ ಅಂಥ ನೀರು ಕಾದು ಆರಿತು.

ಶ್ರೋತೃಗಳೇ, ಆಟದ ಮೇಲಿನ ಪ್ರೀತಿ ತಪ್ಪೆಂದು ಹೇಳುವುದಕ್ಕೆ ನಾವು ಇಲ್ಲಿಗೆ ಬಂದಿಲ್ಲ. ಆ ಪ್ರೀತಿ ನಮ್ಮಲ್ಲಿ ಈಗಲೂ ಇದೆ. ನಾವು ಹೇಳಬೇಕೆಂದಿರುವುದು ಇಷ್ಟೆ. ಋತುವಿನ ಕೊನೆಯ ಓಟವು ನಮಗೆ ಲೆಕ್ಕವನ್ನು ಕಲಿಸಿತು. ಕಲ್ಕತ್ತೆಯಲ್ಲಿ ಹೋದ ಒಂದು ರನ್ನನ್ನು ನಾವು ಇನ್ನೂ ಮರೆತಿಲ್ಲ; ಹದಿನೆಂಟು ಬೇಕೆಂದರೆ ಹದಿನೇಳು ಸಾಲದೆಂಬುದನ್ನು ಹಳ್ಳಿಯ ಹುಡುಗರೂ ಬಲ್ಲರು. ಒಂದು ರನ್ನಿಗೆ ಇಷ್ಟು ಬೆಲೆ ಕಟ್ಟಬಲ್ಲ ಜನ, ಹರ್ಷದ ದಿನದಲ್ಲಿಯೂ ಒಂದೊಂದು ತಲೆಯನ್ನು ಎಣಿಸಬಲ್ಲವರಾಗಬೇಕು. ಬಾಗಿಲ ಅಗಲವೆಷ್ಟು, ಬರುವ ಜನವೆಷ್ಟು ಎಂದು ಕರೆಯುವವರೂ ಹೋಗುವವರೂ ಮೊದಲೇ ಎಣಿಸಬೇಕು. ಜಾತ್ರೆ ಮುಗಿದ ಮೇಲೆ ರೈತನು ಎತ್ತುಗಳನ್ನು ಎಣಿಸಿಕೊಂಡೇ ಊರ ದಾರಿ ಹಿಡಿಯುತ್ತಾನೆ. ಮಕ್ಕಳ ವಿಷಯದಲ್ಲಿ ಅದಕ್ಕಿಂತ ಕಡಮೆ ಎಚ್ಚರಿಕೆ ನಮಗೆ ಸಲ್ಲದು.

ಈಗಲೂ ಬೇಸಗೆ ಬಂದರೆ ಆ ಜಗಲಿಯ ಮೇಲೆ ಹುಡುಗರು ಸೇರುತ್ತಾರೆ. ಚಪ್ಪಲಿ ಕಳೆದುಕೊಂಡು ಬಂದವನೂ ಅವರಲ್ಲಿ ಒಬ್ಬನು. ಅಂಕಗಳ ಲೆಕ್ಕವನ್ನು ಅವನೇ ಬರೆದಿಡುತ್ತಾನೆ.