ಪಾತ್ರೆ ಬಿಸಿಯಾಗಲಿ, ಹಿಡಿ ತಣ್ಣಗಿರಲಿ



ಚಿಕ್ಕಬಳ್ಳಾಪುರದ ಕಡೆ ಮುದ್ದೆ ಮಾಡುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಎಸರು ಕುದಿಯುತ್ತದೆ. ರಾಗಿಹಿಟ್ಟು ಬೆಂದ ಮೇಲೆ ಪಾತ್ರೆ ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಮುದ್ದೆಕೋಲಿನಿಂದ ತಿರುವುತ್ತಾರೆ. ಪಾತ್ರೆ ಲೋಹದ್ದು, ಕೋಲುಗಳು ಮರದವು. ಶಾಖ ಎಲ್ಲಿ ಹರಿಯಬೇಕು, ಎಲ್ಲಿ ನಿಲ್ಲಬೇಕು ಎಂಬ ಪಾಠ ಈ ಜೋಡಿಯಲ್ಲಿಯೇ ಇದೆ.

ಲೋಹದೊಳಗೆ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳಿವೆ. ಬಿಸಿಯಾದ ಭಾಗದ ಶಾಖವನ್ನು ತಣ್ಣನೆಯ ಭಾಗಕ್ಕೆ ಅವು ಬೇಗ ಸಾಗಿಸುತ್ತವೆ. ವಿಜ್ಞಾನಿಗಳ ಅಳತೆಯಲ್ಲಿ ತಾಮ್ರದ ಉಷ್ಣವಾಹಕತೆ ಸುಮಾರು 400, ಅಲ್ಯೂಮಿನಿಯಮ್ಮಿನದು 235, ಕಬ್ಬಿಣದ್ದು 80, ಸ್ಟೇನ್‌ಲೆಸ್ ಸ್ಟೀಲಿನದು ಕೇವಲ 16. ಒಣ ಮರದ್ದು 0.15ರ ಆಸುಪಾಸು. ಎಂದರೆ, ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಒಯ್ಯುತ್ತದೆ. ಚಿಂತಾಮಣಿಯ ಪಾತ್ರೆ ಅಂಗಡಿಗೆ ಹೋದಾಗ ತಾಮ್ರದ ತಳದ ಸ್ಟೀಲ್ ಪಾತ್ರೆ ಕಂಡರೆ ಕಾರಣ ಈಗ ತಿಳಿಯುತ್ತದೆ. ಬರೀ ಸ್ಟೀಲಿನ ತಳದಲ್ಲಿ ಉರಿ ತಗುಲಿದ ಜಾಗ ಮಾತ್ರ ಕಾದು ಅಡುಗೆ ಸೀಯುತ್ತದೆ. ತಾಮ್ರ ಆ ಶಾಖವನ್ನು ಎಲ್ಲೆಡೆ ಹರಡುತ್ತದೆ.

ಕುಕ್ಕರಿನ ಕಪ್ಪು ಹಿಡಿಗೆ ಬೇಕಾದ ಗುಣ ಇದಕ್ಕೆ ವಿರುದ್ಧವಾದದ್ದು. ಅಮೆರಿಕದಲ್ಲಿ ಲಿಯೊ ಬೇಕ್‌ಲೆಂಡ್ 1907ರಲ್ಲಿ ರೂಪಿಸಿದ ಬೇಕಲೈಟ್ ಮರದಂತೆಯೇ ಶಾಖವನ್ನು ತಡೆಯುತ್ತದೆ, ಬಿಸಿಗೆ ಕರಗುವುದಿಲ್ಲ. ಆದರೆ ನೇರ ಉರಿ ತಗುಲಿದರೆ ಕರಕಲಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಉರಿ ಪಾತ್ರೆಯ ತಳವನ್ನು ಮೀರಬಾರದು. ಹಿಡಿಯ ತಿರುಪು ಲೋಹದ್ದು. ಅದು ಸಡಿಲವಾಗಿ ಹೊರಬಂದಿದ್ದರೆ ಬೆರಳಿಗೆ ಬಿಸಿ ತಲುಪಲು ಅದೇ ದಾರಿ.

ಹಿಡಿಯೇ ಇಲ್ಲದ ಪಾತ್ರೆಗೆ ಮಸಿಬಟ್ಟೆ ಗತಿ. ಒಣಬಟ್ಟೆ ನಮ್ಮ ಕೈಯನ್ನು ಹೇಗೆ ಕಾಯುತ್ತದೆ? ನೂಲುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಗಾಳಿಯ ಉಷ್ಣವಾಹಕತೆ ಬರೀ 0.025. ನೀರಿನದು 0.6, ಅಂದರೆ ಇಪ್ಪತ್ತು ಪಟ್ಟಿಗೂ ಹೆಚ್ಚು. ಬಟ್ಟೆ ಒದ್ದೆಯಾದರೆ ಗಾಳಿಯ ಜಾಗದಲ್ಲಿ ನೀರು ಕೂರುತ್ತದೆ.

ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣ ರೇಷ್ಮೆಗೂಡಿನ ಎಳೆಗಳ ನಡುವೆಯೂ ಗಾಳಿ ಇರುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಗಾಳಿ ಹೊರಬಿದ್ದು ನೀರು ಒಳಹೊಗುತ್ತದೆ, ಅಂಟು ಮೆದುವಾಗಿ ಎಳೆ ಬಿಡಿಸಿಕೊಳ್ಳುತ್ತದೆ. ನೂಲು ತೆಗೆಯುವವರಿಗೆ ಬೇಕಾದದ್ದು ಇದೇ. ಒದ್ದೆ ಬಟ್ಟೆ ಹಿಡಿದ ಕೈಗೆ ಮಾತ್ರ ಇದೇ ಕಂಟಕ. ಅದರೊಳಗಿನ ನೀರು ಕಾದು ಹಬೆಯಾಗಿ ಸುಡುತ್ತದೆ, ಬೆಚ್ಚಿದ ಕೈ ಪಾತ್ರೆಯನ್ನೇ ಬಿಟ್ಟುಬಿಡುತ್ತದೆ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಇದರಿಂದ ಸಮಾಧಾನಪಡುವಂತಿಲ್ಲ: 60 ಡಿಗ್ರಿಯ ನೀರು ಕೂಡ ದೊಡ್ಡವರ ಚರ್ಮವನ್ನು ಐದಾರು ಸೆಕೆಂಡಿನಲ್ಲಿ ಸುಡಬಲ್ಲದು, ಮಕ್ಕಳ ಚರ್ಮಕ್ಕೆ ಅಷ್ಟು ಹೊತ್ತೂ ಬೇಡ.

ಪಾತ್ರೆ ಇಳಿಸಲು ಸೆರಗನ್ನು ಬಳಸಲೇಬೇಡಿ. ನೈಲಾನ್, ಪಾಲಿಯೆಸ್ಟರ್ ಸೀರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ಇಕ್ಕಳವಾಗಲಿ, ಎರಡು ಮೂರು ಮಡಿಕೆಯ ಒಣ ಹತ್ತಿಬಟ್ಟೆಯಾಗಲಿ ಒಲೆಯ ಬಳಿ ಸದಾ ಇರಲಿ. ಸುಟ್ಟರೆ ಉಂಗುರ, ಬಳೆಗಳನ್ನು ಬೇಗ ತೆಗೆದು, ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಬೇಡ. ಬೊಬ್ಬೆ ಒಡೆಯಬೇಡಿ. ಗಾಯ ದೊಡ್ಡದಾದರೆ, ಸುಟ್ಟದ್ದು ಮಗುವಾದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯ (1920–2005) ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಎನ್ನುತ್ತಿದ್ದರು. ಹಾಗಾಗಿ ಈ ಮಾತನ್ನೂ ನೀವೇ ಪರೀಕ್ಷಿಸಿ. ಒಂದೇ ಅಳತೆಯ ಹಿತ್ತಾಳೆ, ಸ್ಟೀಲ್, ಮರದ ಚಮಚಗಳ ಹಿಡಿಗೆ ಬೆಣ್ಣೆಯಿಂದ ಒಂದೊಂದು ಕಾಳು ಅಂಟಿಸಿ, ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿ. ನೀರನ್ನು ದೊಡ್ಡವರೇ ಸುರಿಯಲಿ. ಯಾವ ಕಾಳು ಮೊದಲು ಬೀಳುತ್ತದೆಂದು ಮಕ್ಕಳು ಮೊದಲೇ ಊಹಿಸಿ ಹೇಳಲಿ.