ಕೇಳುವ ಮುನ್ನ



ನೇಸರಿ ಎಂದೊಡನೆ 1674ರ ಫೆಬ್ರವರಿ 24ರಂದು ಪ್ರತಾಪರಾವ ಗುಜರರೊಡನೆ ಮಡಿದ ಆರು ಸವಾರರು ನೆನಪಾಗುತ್ತಾರೆ. ಅದು ರಣರಂಗದ ಒಡನಾಟ. ಹೊಲಗಳ ಒಡನಾಟ ಬೇರೆ. ಅದರ ಹೆಸರು ಮುಯ್ಯಾಳು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅಲ್ಲಿ ಬೇಡುವವರಿಲ್ಲ, ಆದ್ದರಿಂದ ಸಂಕೋಚವೂ ಇಲ್ಲ.

ಮನೆಯ ಕಷ್ಟಗಳಲ್ಲಿ ಮಾತ್ರ ನಾವು “ಏನಾದರೂ ಬೇಕಾದರೆ ಹೇಳಿ” ಎಂದು ಹೊರಟುಬಿಡುತ್ತೇವೆ. ಹಿಂದೊಮ್ಮೆ, ತಾಯಿ ಆಸ್ಪತ್ರೆ ಸೇರಿದ್ದ ವಿದ್ಯಾರ್ಥಿನಿಯೊಬ್ಬಳ ತಂದೆಗೆ ನಾವೂ ಹಾಗೆಯೇ ಹೇಳಿ ಬಂದೆವು. ಅವರು ಏನನ್ನೂ ಕೇಳಲಿಲ್ಲ. ಹುಡುಗಿ ಎಂಟು ದಿನ ಶಾಲೆಗೆ ಬರಲಿಲ್ಲ. ಒಂಬತ್ತನೆಯ ದಿನ ನೆರೆಮನೆಯ ತಾಯಿಯೊಬ್ಬರು ಎರಡು ರೊಟ್ಟಿ ಹೆಚ್ಚು ಬಡಿದು, ಆಕೆಯ ಜಡೆ ಹೆಣೆದು, ತಮ್ಮ ಮಗಳ ಜೊತೆ ಕಳುಹಿಸಿದರು. ಬಿ.ಎಡ್. ತರಗತಿಯಲ್ಲಿ ನಾವು ಕಲಿಯದ ಪಾಠವದು.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸದ ದಿನ ನೆರೆಯವರು ಕೇಳದೆಯೇ ಬುತ್ತಿ ತರುವುದು ನಮ್ಮ ರೂಢಿ. ಅದು ಬದುಕಿರುವವರ ಕಷ್ಟಕ್ಕೂ ಹಬ್ಬಲಿ. “ನಾಳೆ ಔಷಧ ನಾವು ತರುತ್ತೇವೆ”, “ಇಂದು ರಾತ್ರಿ ರೋಗಿಯ ಬಳಿ ನಾವಿರುತ್ತೇವೆ” ಎಂದು ಕೆಲಸವನ್ನೇ ಹೆಸರಿಸೋಣ. ಇದು ಪಠ್ಯದಲ್ಲಿಲ್ಲ, ಮಕ್ಕಳು ನಮ್ಮನ್ನು ನೋಡಿಯೇ ಕಲಿಯಬೇಕು.