ಎಲೆಯಡಿಕೆ ತಟ್ಟೆ ಮತ್ತು ನಮ್ಮ ಬಾಯಿ



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲ ಮುಗಿದ ಮೇಲೆ ಎಲೆಯಡಿಕೆ ತಟ್ಟೆ ಒಂದು ಸುತ್ತು ಬರುತ್ತದೆ. ಇವತ್ತು ಆ ತಟ್ಟೆಯ ಬಗ್ಗೆಯೇ ಎರಡು ಮಾತು ಆಡೋಣ ಅಂತ ನಾವು ಬಂದಿದ್ದೇವೆ. ಬೇಜಾರು ಮಾಡ್ಕೋಬೇಡಿ.

ಕ್ಯಾನ್ಸರ್ ಅಂದ ಕೂಡಲೇ ಎಲ್ಲರ ದನಿ ತಗ್ಗುತ್ತದೆ. ಹಣೆಬರಹ ಅಂತಾರೆ, ರೋಗಿಯ ತಟ್ಟೆ ಲೋಟ ಬೇರೆ ಇಡ್ತಾರೆ. ತಟ್ಟೆ ಲೋಟದಿಂದ ಬರುವ ರೋಗ ಅದಲ್ಲ. ಎಲ್ಲ ಕ್ಯಾನ್ಸರಿಗೂ ಕಾರಣ ಹೇಳಲು ಬರುವುದಿಲ್ಲ, ನಿಜ. ಬಾಯಿಯ ಕ್ಯಾನ್ಸರಿನ ಕಾರಣ ಮಾತ್ರ ಬಹುಮಟ್ಟಿಗೆ ಗೊತ್ತಿದೆ: ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿ, ಮದ್ಯ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಒಲೆ ಉರಿಯುವ ಮನೆಯವರೂ ಇಲ್ಲಿ ಕೂತಿದ್ದೀರಿ, ಕೇಳೋದು ಕಷ್ಟ. ಆದರೆ ಮುಚ್ಚಿಡುವ ಮಾತಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಯಿತು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು, ಅಷ್ಟೇ.

ಹೆಂಗಸರು ಗುಟ್ಕಾ ಎಲ್ಲಿ ತಿಂತಾರೆ ಅಂತೀರಿ. ಇರಲಿ. ಹಸಿವು ಮರೆಯೋಕೆ, ಹಲ್ಲುನೋವಿಗೆ, ಗದ್ದೆ ಕೆಲಸದ ದಣಿವಿಗೆ ಅಂತ ಕೆನ್ನೆಯೊಳಗೆ ಹೊಗೆಸೊಪ್ಪು ಇಟ್ಟುಕೊಂಡೇ ಮಲಗುವವರು ನಮ್ಮಲ್ಲಿ ಎಷ್ಟು ಮಂದಿ? ಹೆಚ್ಚಾಗಿ ಇಟ್ಟ ಜಾಗದಲ್ಲೇ ಹುಣ್ಣು ಏಳುವುದು. ಮೊದಮೊದಲು ನೋವೇ ಇರುವುದಿಲ್ಲ, ಅದೇ ಮೋಸ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಮೂರು ಬೆರಳು ತೂರದಷ್ಟು ಬಾಯಿ ಬಿಗಿಯುವುದು, ಇದರಲ್ಲಿ ಒಂದು ಕಂಡರೂ ಮನೆಮದ್ದು ಹಚ್ಚಿ ಕಾಯಬೇಡಿ. ಬೇಗ ಸಿಕ್ಕರೆ ಗುಣವಾಗುವ ಕಾಯಿಲೆ ಇದು. ತಡವಾದರೆ ದವಡೆಯನ್ನೇ ತೆಗೆಯಬೇಕಾದೀತು.

30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕೊರಳು ಮೂರರ ತಪಾಸಣೆಯೂ ಆಗಬೇಕು ಎಂದು 2016ರ ಕೇಂದ್ರ ಸರಕಾರದ ಮಾರ್ಗಸೂಚಿ ಹೇಳುತ್ತದೆ. ನಾಚಿಕೆಯಿಂದ ನಾವೇ ಹಿಂದೆ ಸರಿಯುತ್ತೇವೆ. ಗರ್ಭಕೊರಳಿಗೆ ವಿನೆಗರಿನಂಥ ದ್ರಾವಣ ಹಚ್ಚಿ ಬಿಳಿ ಕಲೆ ಏಳುತ್ತದೋ ಎಂದು ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಒಬ್ಬೊಬ್ಬರೇ ಹೋಗೋದು ಬೇಡ, ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಗೊತ್ತು ಮಾಡಿಕೊಂಡು ಇಡೀ ಸಂಘವೇ ಹೋಗೋಣ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ, ಕೆನ್ನೆಯಲ್ಲಿ ಹೊಗೆಸೊಪ್ಪು ಇಡುವವರು ಹೆಚ್ಚಾಗಿ ಅವರೇ.

ಮುಂದಿನ ಸಭೆಗೆ ಪಾಸ್‌ಬುಕ್ ಜೊತೆ ಒಂದು ಕನ್ನಡಿ, ಒಂದು ಟಾರ್ಚು ತನ್ನಿ. ಬಾಯಿ ನೋಡಿಕೊಳ್ಳುವುದು ಹೇಗೆ ಅಂತ ಅವತ್ತು ತೋರಿಸುತ್ತೇವೆ.